ರಸನೇಂದ್ರಿಯದ ಉತ್ಪತ್ತಿಕ್ರಮ

ರಸನೇಂದ್ರಿಯವೆಂಬ ಶಬ್ದವು ನಮ್ಮ ದರ್ಶನಗ್ರಂಥಗಳಲ್ಲಿಯೂ ಅಲಂಕಾರಶಾಸ್ತ್ರದಲ್ಲಿಯೂ ಸುಪರಿಚಿತವಾದುದು. 17ನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಬಾಲಕನು ಸಹ, ರಸವು ರಸನದಿಂದ ಗ್ರಾಹ್ಯವಾದ ಗುಣವೆಂದೂ, ಅದು ಮಧುರ, ಆಮ್ಲ, ಲವಣ, ಕಟು, ಕಷಾಯ, ತಿಕ್ತಗಳೆಂದು ಆರು ವಿಧವೆಂದೂ, ಆ ಇಂದ್ರಿಯವು ನಾಲಗೆಯ ತುದಿಯಲ್ಲಿರುವುದೆಂದೂ ಬಲ್ಲನು. ಭರತಮುನಿಯು ನಾಟ್ಯರಸವನ್ನು ತಿಳಿಸುವಾಗ ಅಡುಗೆಯ ದೃಷ್ಟಾಂತವನ್ನೇ ಹಿಡಿದನು. ಇಷ್ಟಾದರೂ ಒಂದು ಪ್ರಶ್ನೆಯು ಉಳಿದೇ ಇದೆ. ಗರ್ಭದಲ್ಲಿ ಮೊದಲು ಬರಿಯ ಮಾಂಸಪಿಂಡವಾಗಿದ್ದ ನಾಲಗೆಗೆ ರಸವನ್ನು ಗ್ರಹಿಸುವ ಸಾಮರ್ಥ್ಯವು ಎಲ್ಲಿಂದ, ಯಾವ ಕ್ರಮದಿಂದ ಬರುತ್ತದೆ? ಈಚಿನ ಜೀವಶಾಸ್ತ್ರಜ್ಞರು ಸಣ್ಣ ಇಲಿಗಳ ಭ್ರೂಣಗಳನ್ನು ಪರಿಶೀಲಿಸಿ ಇದಕ್ಕೆ ಕೊಟ್ಟಿರುವ ಉತ್ತರವನ್ನು ಸಾಹಿತ್ಯೋಪಾಧ್ಯಾಯರಿಗೆ ಸುಗಮವಾಗುವಂತೆ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮೊದಲು ಅಂಗದ ಸ್ವರೂಪವನ್ನು ತಿಳಿಯಬೇಕು. ನಾಲಗೆಯ ಮೇಲೆ ಕಾಣುವ ಸಣ್ಣ ಉಬ್ಬುಗಳಿಗೆ ರಸಾಂಕುರಗಳೆಂದು ಹೆಸರು. ಇವುಗಳಲ್ಲಿ ಕೆಲವು ಜಾತಿಯವುಗಳೊಳಗೆ ರುಚಿಮೊಗ್ಗುಗಳು ಅಡಗಿರುತ್ತವೆ. ಒಂದೊಂದು ಮೊಗ್ಗೂ ಸುಮಾರು 50ರಿಂದ 100 ಜೀವಕೋಶಗಳ ಗೊಂಚಲು. ಇವನ್ನು 1867ರಲ್ಲಿ ಲೊವೆನ್ ಮತ್ತು ಶ್ವಾಲ್ಬೆ ಎಂಬ ಇಬ್ಬರು ವಿದ್ವಾಂಸರು ಸ್ತನಿಗಳಲ್ಲಿ ಬೇರೆಬೇರೆಯಾಗಿ ವರ್ಣಿಸಿದರು. ಇಲಿಯ ನಾಲಗೆಯ ಮುಂಭಾಗದಲ್ಲಿ ಅಣಬೆಯಾಕಾರದ ಅಂಕುರಗಳು ಸಾಲುಸಾಲಾಗಿ ಹರಡಿರುತ್ತವೆ. ಹಿಂಭಾಗದಲ್ಲಿ ಸುತ್ತಲೂ ಕಂದಕವುಳ್ಳ ದೊಡ್ಡ ಅಂಕುರವು ಒಂದೇ ಒಂದು. ಮನುಷ್ಯನಿಗೆ ಅಂಥವು ಸುಮಾರು ಹತ್ತು ಇರುತ್ತವೆ. ಇಲಿಯ ಗರ್ಭಕಾಲವು ಸುಮಾರು 19–20 ದಿನಗಳು. ಹನ್ನೆರಡನೆಯ ದಿನದ ವೇಳೆಗೆ ನಾಲಗೆಯ ಹೊರಪದರದಲ್ಲಿ ಅಲ್ಲಲ್ಲಿ ಕೋಶಗಳು ದಪ್ಪವಾಗಿ ಅಂಕುರಗಳ ನೆಲೆಗಳು ಗೊತ್ತಾಗುತ್ತವೆ. ಮೊಗ್ಗುಗಳು ಪಕ್ವವಾಗುವುದು ಬಹುಮಟ್ಟಿಗೆ ಜನನಾನಂತರದ ವಾರಗಳಲ್ಲಿ.

ಇನ್ನು ವಂಶವಾಹಿಯೆಂದರೇನು? ದೇಹದ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲಿಯೂ ಒಂದೇ ಸಮನಾಗಿ ಇರುವ ವಿಧಿಸಮುದಾಯದಲ್ಲಿ ಒಂದೊಂದು ವಿಧಿಯೇ ಒಂದೊಂದು ವಂಶವಾಹಿ. ಒಂದೇ ಸಮುದಾಯವು ಎಲ್ಲೆಡೆಯೂ ಇದ್ದರೆ ಕಣ್ಣು ಕಣ್ಣಾಗಿ, ನಾಲಗೆ ನಾಲಗೆಯಾಗಿ ಬೆಳೆಯುವುದು ಹೇಗೆಂದರೆ, ವೈಯಾಕರಣರಿಗೆ ಇದು ಕಷ್ಟವಾಗಲಾರದು. ಪಾಣಿನಿಯ ಸುಮಾರು 4000 ಸೂತ್ರಗಳೂ ವ್ಯಾಕರಣದಲ್ಲಿ ಸದಾ ಇದ್ದೇ ಇರುತ್ತವೆ. ಆದರೆ ನಿಮಿತ್ತವಿದ್ದ ಕಡೆಯಲ್ಲಿ ಮಾತ್ರ ಆಯಾ ಸೂತ್ರವು ಪ್ರವರ್ತಿಸುತ್ತದೆ. ಹಾಗೆಯೇ ನೆರೆಯ ಕೋಶವು ಸ್ರವಿಸಿದ ಸಂಕೇತದ್ರವ್ಯವು ನಿಮಿತ್ತವಾಗಿ ಬಂದಾಗ ಇಂತಿಂಥ ವಂಶವಾಹಿಯು ಜಾಗೃತವಾಗುತ್ತದೆ, ಮಿಕ್ಕವು ಸುಮ್ಮನಿರುತ್ತವೆ.

ಈ ನಿಮಿತ್ತಗಳನ್ನು ಕಂಡುಹಿಡಿದ ಮಾರ್ಗವು ನಮ್ಮ ತಾರ್ಕಿಕರ ಅನ್ವಯವ್ಯತಿರೇಕವೇ. ತಿರುಮಕೂಡಲಿನಲ್ಲಿ ಕಪಿಲೆಯು ಕಾವೇರಿಯನ್ನು ಕೂಡಿದ ಮೇಲೆ ಬಿಂದಿಗೆಯ ನೀರನ್ನು ನೋಡಿ ಇದರಲ್ಲಿ ಯಾವ ನದಿಯ ಪಾಲೆಷ್ಟೆಂದು ಹೇಳಲಾಗದು. ಮೇಲೆ ಕಬಿನಿಯ ಅಣೆಕಟ್ಟೆಯಲ್ಲಿಯೋ ಕನ್ನಂಬಾಡಿಯಲ್ಲಿಯೋ ನೀರನ್ನು ತಡೆದಾಗ, ಅಥವಾ ಹೆಚ್ಚಾಗಿ ಬಿಟ್ಟಾಗ, ಸಂಗಮದಲ್ಲಿ ಆಗುವ ವ್ಯತ್ಯಾಸದಿಂದ ಅದು ತಿಳಿಯುತ್ತದೆ. ಶಾಸ್ತ್ರಜ್ಞರೂ ಹಾಗೆಯೇ ಒಂದು ಸಂಕೇತವನ್ನು ತಡೆದು ನೋಡುತ್ತಾರೆ, ಹೆಚ್ಚಿಸಿ ನೋಡುತ್ತಾರೆ. ‘ವಿಂಟ್’ ಎಂಬ ಸಂಕೇತದ ವಿಷಯದಲ್ಲಿ 2007ರಲ್ಲಿ ಪ್ರಕಟವಾದ ಪ್ರಯೋಗವು ಇದಕ್ಕೆ ಉತ್ತಮ ನಿದರ್ಶನ. ಅದನ್ನು ತಡೆದ ಇಲಿಭ್ರೂಣಗಳಲ್ಲಿ ಅಣಬೆಯಾಕಾರದ ಅಂಕುರಗಳು ಹುಟ್ಟಲಿಲ್ಲ. ಮಿತಿಮೀರಿ ಪ್ರಚೋದಿಸಿದವುಗಳಲ್ಲಿ ಅವು ದೊಡ್ಡವಾಗಿ, ಸಂಖ್ಯೆಯಲ್ಲಿಯೂ ಅಧಿಕವಾಗಿ ಹುಟ್ಟಿದವು. ಆದುದರಿಂದ ವಿಂಟ್ ಸಂಕೇತವು ಅಂಕುರಾರಂಭಕ್ಕೆ ಕಾರಣವೆಂಬುದು ಸಿದ್ಧವಾಯಿತು. ಈ ಹೆಸರಿನ ಅರ್ಧಭಾಗವು ರೆಕ್ಕೆಯಿಲ್ಲದ ಹಣ್ಣುನೊಣದ ಒಂದು ತಳಿಯಿಂದ ಬಂದುದು. ಅದನ್ನು ವಿವರವಾಗಿ ವರ್ಣಿಸಿದವರು ನಮ್ಮ ದೇಶದವರೇ ಆದ ಆರ್. ಪಿ. ಶರ್ಮಾ ಮತ್ತು ವಿ. ಎಲ್. ಚೋಪ್ರಾ ಎಂಬವರು, 1976ರಲ್ಲಿ.

ಎರಡನೆಯ ಸಂಕೇತಕ್ಕೆ ‘ಸಾನಿಕ್ ಹೆಡ್ಜ್‌ಹಾಗ್’ ಎಂದು ಹೆಸರು. ಇದು ಮೊದಲು ಎಳೆಯ ನಾಲಗೆಯ ಹೊರಪದರದಲ್ಲಿ ವಿಸ್ತಾರವಾಗಿ ತೋರಿ, ಬಳಿಕ ಅಂಕುರಸ್ಥಾನಗಳಿಗೆ ಮಾತ್ರ ಸಂಕುಚಿತವಾಗುತ್ತದೆ. ಭ್ರೂಣದ ನಾಲಗೆಯಲ್ಲಿ ಇದನ್ನು ತಡೆದರೆ ಅಂಕುರಗಳು ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತವೆ. ಎಂದರೆ ಇದು ಅಂಕುರಗಳ ನಡುವಿನ ಜಾಗವನ್ನು ಕಾಯುವ ನಿಷೇಧವಿಧಿ. ಉತ್ಸರ್ಗಕ್ಕೆ ಅಪವಾದವು ಬಾಧಕವಾಗಿ ಪ್ರಯೋಗವು ವ್ಯವಸ್ಥಿತವಾಗುವಂತೆ, ವಿಂಟ್‌ನ ಪ್ರವೃತ್ತಿಯೂ ಹೆಡ್ಜ್‌ಹಾಗ್‌ನ ನಿವೃತ್ತಿಯೂ ಕೂಡಿ ಅಂಕುರಗಳು ಅಂತರವರಿತು ನಿಲ್ಲುತ್ತವೆ. ‘ಸಾಕ್ಸ್-2’ ಎಂಬ ಮೂರನೆಯ ವಂಶವಾಹಿಯು ಕುಂದಿದರೆ ಮೊಗ್ಗಿನ ಗ್ರಾಹಕಕೋಶಗಳು ರೂಪುಗೊಳ್ಳಲಾರವೆಂಬುದು 2006ರಲ್ಲಿ ತಿಳಿದುಬಂದಿತು.

ಇಲ್ಲಿ ಒಂದು ಪೂರ್ವಪಕ್ಷವುಂಟು. 1877ರಲ್ಲಿಯೇ ಪ್ರಾಣಿಗಳ ನಾಲಗೆಯ ನರವನ್ನು ಕತ್ತರಿಸಿದಾಗ ರುಚಿಮೊಗ್ಗುಗಳು ನಶಿಸುವುದನ್ನು ಕಂಡಿದ್ದರು. ಆದಕಾರಣ ನರವೇ ಮೊಗ್ಗನ್ನು ಹುಟ್ಟಿಸುವುದೆಂದು ಬಹುಕಾಲ ನಂಬಿಕೆಯಿತ್ತು. ಆದರೆ 2009ರ ಒಂದು ಪ್ರಯೋಗದಲ್ಲಿ ಭ್ರೂಣದ ಅಂಕುರಸ್ಥಾನದ ಹೊರಪದರಕೋಶಗಳ ಸಂತತಿಯೇ ಮೊಗ್ಗಾಗುವುದು ಕಂಡಿತು. 2014ರಲ್ಲಿ, ಬೆಳೆದ ಇಲಿಯ ನಾಲಗೆಯಲ್ಲಿ ಹೆಡ್ಜ್‌ಹಾಗನ್ನು ಪ್ರಚೋದಿಸಿದಾಗ ನರದ ಸಂಪರ್ಕವಿಲ್ಲದ ಕಡೆಯಲ್ಲಿಯೂ ಮೊಗ್ಗುಗಳು ಹುಟ್ಟಿದವು. ಹೀಗೆ ಹೊರಪದರವು ಉಪಾದಾನಕಾರಣ. ನರವು ಪೋಷಕವಾದ ಸಹಕಾರಿಕಾರಣ. ಭ್ರೂಣದಲ್ಲಿ ನಿಷೇಧಕವಾಗಿದ್ದ ಸಂಕೇತವೇ ಪ್ರೌಢದಶೆಯಲ್ಲಿ ಜನಕವಾಗುವುದು ವಿರೋಧವಲ್ಲ. ದೇಶಕಾಲಗಳ ಭೇದದಿಂದ ಫಲಭೇದವು ಯುಕ್ತವೇ ಆಗಿದೆ.

ಕರ್ನಾಟಕಕ್ಕೂ ಈ ವಿಚಾರಕ್ಕೂ ಸಂಬಂಧವುಂಟು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸ್ಥಾಪಕರಾದ ಒಬೈದ್ ಸಿದ್ದಿಕಿಯವರೂ (1932–2013), ಅವರ ಶಿಷ್ಯೆ ವೆರೋನಿಕಾ ರೋಡ್ರಿಗಸ್ ಅವರೂ (1953–2010) ಮುಂಬಯಿಯ ಟಾಟಾ ಸಂಸ್ಥೆಯಲ್ಲಿದ್ದಾಗಲೇ ರುಚಿಯರಿವು ಕೆಟ್ಟ ಹಣ್ಣುನೊಣಗಳನ್ನು ಆರಿಸಿ ಅದಕ್ಕೆ ಕಾರಣವಾದ ವಂಶವಾಹಿಗಳನ್ನು ಹುಡುಕತೊಡಗಿದರು. 1987ರಲ್ಲಿ ಅವರೂ ಸಹೋದ್ಯೋಗಿಗಳೂ ವರ್ಣಿಸಿದ ‘ಗಸ್ಟ್-ಬಿ’ ಎಂಬ ವಿಕೃತಿಯುಳ್ಳ ನೊಣಗಳು, ಇತರ ನೊಣಗಳು ತ್ಯಜಿಸುವ ಉಪ್ಪಿಗೆ ಆಕರ್ಷಿತವಾಗುತ್ತವೆ. ಸಿಹಿಯನ್ನು ಅರಿಯುವ ನರಕೋಶವೇ ಅವುಗಳಲ್ಲಿ ಉಪ್ಪಿಗೂ ಸ್ಪಂದಿಸುತ್ತದೆ. ‘ಪಾಕ್ಸ್-ನ್ಯೂರೋ’ ಎಂಬ ಮತ್ತೊಂದು ವಂಶವಾಹಿಯು ಲುಪ್ತವಾದರೆ ರುಚಿಯ ರೋಮಗಳು ಸ್ಪರ್ಶದ ರೋಮಗಳಾಗಿ ಪರಿಣಮಿಸುತ್ತವೆ. ನೊಣದಲ್ಲಿ ಗ್ರಾಹಕವು ನರಕೋಶವೇ, ಇಲಿಯಲ್ಲಿ ಹೊರಪದರದ ಕೋಶ. ಈ ಭೇದವನ್ನು ಮರೆತು ಒಂದರ ನಿರ್ಣಯವನ್ನು ಇನ್ನೊಂದಕ್ಕೆ ಆರೋಪಿಸಬಾರದು.

ಇದೆಲ್ಲವೂ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇದೆಯೆಂದು ಸಾಧಿಸಹೊರಡುವುದು ಶಾಸ್ತ್ರಕ್ಕೂ ಗೌರವವಲ್ಲ. ಪ್ರಾಚೀನರು ರಸನವು ಯಾವುದನ್ನು ಗ್ರಹಿಸುವುದೆಂದು ವಿಚಾರಿಸಿದರು. ಇವರು ಗ್ರಹಿಸುವ ಅಂಗವು ಹೇಗೆ ಆಯಿತೆಂದು ವಿಚಾರಿಸುತ್ತಾರೆ. ಗಣನೆಯಲ್ಲಿಯೂ ಭೇದವಿದೆ. ಕಟುವೆಂದರೆ ನಮ್ಮ ಕಾರ. ಅದನ್ನು ರುಚಿಮೊಗ್ಗುಗಳಲ್ಲ, ಬಿಸಿಯನ್ನೂ ನೋವನ್ನೂ ಅರಿಯುವ ನರಾಗ್ರಗಳು ತಿಳಿಸುತ್ತವೆ. ಕಷಾಯವೆಂಬ ಒಗರು ಬಹುಮಟ್ಟಿಗೆ ಸ್ಪರ್ಶವೇ. ಜಪಾನಿನ ಇಕೆಡಾ ಎಂಬವರು 1908ರಲ್ಲಿ ಹೇಳಿದ ‘ಉಮಾಮಿ’ಯು ನಮ್ಮ ಷಡ್ರಸಗಳಲ್ಲಿ ಸೇರಿಲ್ಲ. ಸಿಹಿಯು ತುದಿಯಲ್ಲಿ, ಕಹಿಯು ಹಿಂದೆ ಎಂದು ಪಠ್ಯಪುಸ್ತಕಗಳಲ್ಲಿ ಬಹುಕಾಲ ಬಂದ ನಾಲಗೆಯ ನಕ್ಷೆಯೂ ನಿಲ್ಲತಕ್ಕುದಲ್ಲ. ಮೊಗ್ಗುಗಳಿರುವ ಎಲ್ಲ ಭಾಗಗಳೂ ಎಲ್ಲ ರುಚಿಗಳನ್ನೂ ಅರಿಯಬಲ್ಲವು.

ಅಂಗವು ಸಿದ್ಧವಾದರೂ ವಂಶವಾಹಿಯ ಅಧಿಕಾರವು ಮುಗಿಯದು. ನಂಜನಗೂಡಿನ ರಸಬಾಳೆಯನ್ನು ಇಲಿಯ ಮುಂದಿಟ್ಟರೆ ಅದಕ್ಕೆ ಮಾಧುರ್ಯವು ತಿಳಿಯುತ್ತದೆ, ಬೆಕ್ಕಿಗೆ ತಿಳಿಯದು. ಸಿಹಿಯ ಗ್ರಾಹಕವು ಎರಡು ಪ್ರೋಟೀನುಗಳ ಜೋಡಿ. ಅವುಗಳಲ್ಲಿ ಒಂದರ ವಂಶವಾಹಿಯು ಬೆಕ್ಕಿನ ಕುಲದಲ್ಲಿ ಕೆಟ್ಟುಹೋಗಿದೆಯೆಂದು 2005ರಲ್ಲಿ ನಿರ್ಣಯವಾಯಿತು. ರಸವು ಹಣ್ಣಿನಲ್ಲಿದ್ದರೂ ಗ್ರಾಹಕನಿಲ್ಲದೆ ಆಸ್ವಾದವಿಲ್ಲ. ಸಹೃದಯನನ್ನು ಕುರಿತು ಪಾಠ ಹೇಳುವವರಿಗೆ ಈ ದೃಷ್ಟಾಂತವು ಉಪಯುಕ್ತವಾದೀತು.

ಈ ವಿಚಾರವು ಕುತೂಹಲಕ್ಕೆ ಮಾತ್ರ ವಿಷಯವಲ್ಲ. ಮೊಗ್ಗಿನ ಕೋಶಗಳು ಅಲ್ಪಾಯುಗಳು. ಹಲವು ಕೋಶಗಳು ಹತ್ತು ದಿನಗಳಷ್ಟರಲ್ಲಿಯೇ ಅಳಿದು ಹೊಸವು ಬರುತ್ತವೆ. ಭ್ರೂಣದಲ್ಲಿ ನಡೆದ ಸಂಕೇತವ್ಯವಹಾರವು ಬೇರೆ ರೂಪದಿಂದ ಜೀವಮಾನವೆಲ್ಲ ನಡೆಯುತ್ತಿರಬೇಕು. ಒಂದು ಬಗೆಯ ಚರ್ಮದ ಅರ್ಬುದರೋಗಕ್ಕೆ 2012ರಿಂದ ಕೊಡುತ್ತಿರುವ ವಿಸ್ಮೊಡೆಗಿಬ್ ಎಂಬ ಔಷಧವು ಹೆಡ್ಜ್‌ಹಾಗ್ ಸಂಕೇತವನ್ನು ತಡೆಯುತ್ತದೆ. ಅದನ್ನು ಸೇವಿಸುವ ಅನೇಕರಿಗೆ ರುಚಿ ಕೆಡುತ್ತದೆ ಅಥವಾ ಹೋಗುತ್ತದೆ. ಅನ್ನವು ಮಣ್ಣಿನಂತಾಗಿ ರೋಗಿಯು ಉಣ್ಣದೆ ಕೃಶನಾಗುವುದೂ ಉಂಟು. ಇಲಿಯ ನಾಲಗೆಯಲ್ಲಿ ಮೊಗ್ಗು ಹೇಗೆ ಹುಟ್ಟುವುದೆಂದು ತಿಳಿದಷ್ಟೂ ಅಂಥವರ ಬಾಯಿಗೆ ರುಚಿಯನ್ನು ಮರಳಿ ತರುವ ಉಪಾಯವು ಸಮೀಪವಾಗುತ್ತದೆ. ರಸಶಬ್ದವನ್ನು ನಿತ್ಯವೂ ವ್ಯಾಖ್ಯಾನಿಸುವ ನಾವು ಅದರ ಮೊದಲನೆಯ ಅರ್ಥವನ್ನೂ, ಆ ಅರ್ಥಕ್ಕೆ ಆಶ್ರಯವಾದ ಇಂದ್ರಿಯವನ್ನೂ ಯಥಾರ್ಥವಾಗಿ ಅರಿತು ಪಾಠ ಹೇಳುವುದು ಉಚಿತವೆಂದು ವಿದ್ವಜ್ಜನರಲ್ಲಿ ವಿಜ್ಞಾಪಿಸುತ್ತೇನೆ.