ಘಾಟಿಯಲ್ಲಿ ಸೊರಗುವ ಲಾರಿ

ಗುಂಡ್ಯದಿಂದ ಮಾರನಹಳ್ಳಿಯ ಕಡೆಗೆ ಶಿರಾಡಿ ಘಾಟಿಯನ್ನೇರುವ ಭಾರ ತುಂಬಿದ ಹಳೆಯ ಲಾರಿಯೊಂದು, ಬಯಲುದಾರಿಯಲ್ಲಿ ಯಾವ ದೋಷವನ್ನೂ ತೋರದೆ ಬಂದು, ಏರು ಮೊದಲಾಗುತ್ತಲೇ ಕ್ರಮೇಣ ಪಿಕಪ್ ಕಳೆದುಕೊಂಡು, ಚಾಲಕನು ಆಕ್ಸಿಲರೇಟರನ್ನು ತಳಮುಟ್ಟುವಂತೆ ತುಳಿದರೂ ಮುಂದೆ ಸಾಗಲಾರದೆ, ಕಡೆಗೆ ಎಂಜಿನ್ ತಾನಾಗಿಯೇ ಬಂದ್ ಬೀಳುವುದು ನಮ್ಮ ಹೆದ್ದಾರಿಗಳಲ್ಲಿ ಅಪೂರ್ವವಾದ ಸಂಗತಿಯೇನಲ್ಲ. ಸ್ವಲ್ಪ ಹೊತ್ತು ನಿಲ್ಲಿಸಿ, ಕ್ಲೀನರನು ಹ್ಯಾಂಡ್ ಪಂಪನ್ನು ಒತ್ತಿ ಏರ್ ತೆಗೆದರೆ ಅದೇ ಲಾರಿ ಮತ್ತೆ ಸ್ಟಾರ್ಟ್ ಆಗಿ ನಾಲ್ಕಾರು ತಿರುವುಗಳನ್ನು ದಾಟುತ್ತದೆ. ಅನಂತರ ಪುನಃ ಅದೇ ಕಥೆ. ಇಂತಹ ಸಂದರ್ಭದಲ್ಲಿ ಅನೇಕರು ಮಾಡುವ ಮೊದಲನೆಯ ಕೆಲಸವೆಂದರೆ, ಎಂಜಿನ್ನಿನ ಪಾರ್ಶ್ವದಲ್ಲಿರುವ ದೊಡ್ಡ ಡೀಸೆಲ್ ಪಂಪನ್ನು ಬಿಚ್ಚಿಸಿ ರಿಪೇರಿಯ ಅಂಗಡಿಗೆ ಕಳುಹಿಸುವುದು. ಅಲ್ಲಿ ಹಣವೂ ದಿನಗಳೂ ವ್ಯಯವಾಗಿ, ಪಂಪು ಮರಳಿ ಬಂದು, ಲಾರಿ ಮಾತ್ರ ಅದೇ ಏರಿನಲ್ಲಿ ನಿಲ್ಲುತ್ತದೆ. ದೋಷವು ಆ ದೊಡ್ಡ ಪಂಪಿನದಾಗಿರದೆ, ಅದರ ಮೈಗೆ ಅಂಟಿಕೊಂಡಿರುವ ಅಂಗೈಯಗಲದ ಫೀಡ್ ಪಂಪಿನದೋ, ಅಥವಾ ಟ್ಯಾಂಕಿನಿಂದ ಅಲ್ಲಿಯವರೆಗೆ ಬರುವ ಪೈಪಿನದೋ ಆಗಿರುವುದೇ ಇದಕ್ಕೆ ಕಾರಣ.

ಡೀಸೆಲ್ ಎಂಜಿನ್ನಿನ ಇಂಧನವ್ಯವಸ್ಥೆಯಲ್ಲಿ ಎರಡು ಭಾಗಗಳುಂಟು. ನಾಜಲ್‌ಗಳ ಮೂಲಕ ಸುಮಾರು 200 ಬಾರ್ ಒತ್ತಡದಲ್ಲಿ ಇಂಧನವನ್ನು ಸಿಲಿಂಡರಿನೊಳಗೆ ಚಿಮ್ಮಿಸುವ ಮೇಲೊತ್ತಡದ ಭಾಗವೊಂದು. ಟ್ಯಾಂಕಿನಿಂದ ಡೀಸೆಲನ್ನು ಎಳೆದು, ಫಿಲ್ಟರುಗಳ ಮೂಲಕ ಹಾಯಿಸಿ, ಆ ದೊಡ್ಡ ಪಂಪಿನ ಬಾಗಿಲಿಗೆ ಕೇವಲ ಒಂದು, ಒಂದೂವರೆ ಬಾರ್ ಒತ್ತಡದಲ್ಲಿ ತಂದೊಪ್ಪಿಸುವ ಕೆಳೊತ್ತಡದ ಭಾಗ ಮತ್ತೊಂದು. ಸ್ಟುಟ್‌ಗಾರ್ಟ್‌ನಲ್ಲಿ ರಾಬರ್ಟ್ ಬಾಷ್‌ನ ಸಂಸ್ಥೆಯು 1927ರಲ್ಲಿ ಇಂಜೆಕ್ಷನ್ ಪಂಪುಗಳನ್ನು, ಅಂದರೆ ಮೇಲೆ ಹೇಳಿದ ದೊಡ್ಡ ಪಂಪುಗಳನ್ನು, ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆಯೇ ಡೀಸೆಲ್ ಎಂಜಿನ್ನು ರಸ್ತೆಯ ವಾಹನಗಳಿಗೆ ಸಲೀಸಾಗಿ ಒಗ್ಗಿಕೊಂಡದ್ದು. ನಮ್ಮಲ್ಲಿ 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು, ಅಂದರೆ ಬೆಂಗಳೂರಿನವರೆಲ್ಲರಿಗೂ ಪರಿಚಿತವಾದ ಮೈಕೋ, ಆಡುಗೋಡಿಯ ತನ್ನ ಕಾರ್ಖಾನೆಯಲ್ಲಿ ಅದೇ ಜಾತಿಯ ಪಂಪುಗಳನ್ನು ನಿರ್ಮಿಸಿ ದೇಶದ ಲಾರಿ, ಬಸ್ಸು, ಟ್ರಾಕ್ಟರುಗಳಿಗೆ ಒದಗಿಸಿತು. ಹೀಗಾಗಿ ಇಲ್ಲಿ ಹೇಳುತ್ತಿರುವ ಯಂತ್ರಭಾಗವು ಕನ್ನಡನಾಡಿನ ಕೈಗಳಿಗೆ ಚಿರಪರಿಚಿತವಾದುದು.

ಫೀಡ್ ಪಂಪಿನ ರಚನೆಯು ಸರಳವಾದರೂ ಅದರಲ್ಲಿ ಅಡಗಿರುವ ಜಾಣ್ಮೆಯು ಮೆಚ್ಚತಕ್ಕದ್ದು. ದೊಡ್ಡ ಪಂಪಿನ ಕ್ಯಾಮ್‌ಶಾಫ್ಟು ತಿರುಗಿದಂತೆ ಒಂದು ಪ್ಲಂಜರನ್ನು ಸ್ಪ್ರಿಂಗಿಗೆ ವಿರುದ್ಧವಾಗಿ ಒಳದೂಡುತ್ತದೆ. ಕ್ಯಾಮ್ ಹಿಂಜರಿದಾಗ ಆ ಸ್ಪ್ರಿಂಗೇ ಪ್ಲಂಜರನ್ನು ಹಿಂದಕ್ಕೆ ತಳ್ಳಿ, ಒಂದು ಪಕ್ಕದಿಂದ ಡೀಸೆಲನ್ನು ಮುಂದಕ್ಕೆ ನೂಕುತ್ತ, ಮತ್ತೊಂದು ಪಕ್ಕಕ್ಕೆ ಟ್ಯಾಂಕಿನಿಂದ ಹೊಸತನ್ನು ಎಳೆದುಕೊಳ್ಳುತ್ತದೆ. ಡೀಸೆಲನ್ನು ಒತ್ತುವ ಬಲವು ಕ್ಯಾಮ್‌ನದಾಗಿರದೆ ಸ್ಪ್ರಿಂಗಿನದಾದ್ದರಿಂದ, ಮುಂದಿನ ಪೈಪಿನಲ್ಲಿ ಒತ್ತಡ ಸಾಕಷ್ಟಾದೊಡನೆ ಪ್ಲಂಜರು ತನ್ನ ಪೂರ್ಣ ಚಲನೆಯನ್ನು ತಾನೇ ಕಡಿಮೆಮಾಡಿಕೊಳ್ಳುತ್ತದೆ. ಬೇರೊಂದು ನಿಯಂತ್ರಕದ ಅಗತ್ಯವೇ ಇಲ್ಲ. ಇಂಧನವು ಹಿಂದುಮುಂದಾಗದಂತೆ ತಡೆಯಲು ಎರಡು ಸಣ್ಣ ವಾಲ್ವುಗಳಿವೆ. ಸ್ಪ್ರಿಂಗು ಬಳಲಿದರೆ ಒತ್ತಡ ತಗ್ಗುತ್ತದೆ. ವಾಲ್ವಿನ ಕೆಳಗೆ ಒಂದು ಕಸದ ಎಳೆ ಸಿಕ್ಕಿದರೂ ನೂಕಿದ ಡೀಸೆಲು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಪ್ಲಂಜರು ಸವೆದರೆ ಎರಡೂ ಪಕ್ಕಗಳ ನಡುವೆ ಸೋರಿಕೆಯುಂಟಾಗುತ್ತದೆ.

ಎಂಜಿನ್ನು ಉರಿಸುವುದಕ್ಕಿಂತ ಬಹಳ ಹೆಚ್ಚಿನ ಡೀಸೆಲನ್ನು ಈ ಪಂಪು ಒದಗಿಸಬೇಕು. ಹೆಚ್ಚಾದುದು ಓವರ್‌ಫ್ಲೋ ವಾಲ್ವಿನ ಮೂಲಕ ಟ್ಯಾಂಕಿಗೆ ಮರಳುತ್ತದೆ. ಇದು ದಂಡವೆಂದು ಭಾವಿಸತಕ್ಕದ್ದಲ್ಲ, ಏಕೆಂದರೆ ಹಾಗೆ ಹರಿದುಹೋಗುವ ಇಂಧನವೇ ದೊಡ್ಡ ಪಂಪಿನ ಕಾವನ್ನೂ ಒಳಸೇರಿದ ಗಾಳಿಗುಳ್ಳೆಗಳನ್ನೂ ಹೊತ್ತೊಯ್ಯುತ್ತದೆ. ಸುಮ್ಮನೆ ನಿಂತು ಐಡ್ಲಿಂಗ್ ಆಗುತ್ತಿರುವ ಎಂಜಿನ್ನಿಗೆ ಬೇಕಾಗುವುದು ಅತ್ಯಲ್ಪ. ಭಾರ ಹೊತ್ತು ಏರು ಹತ್ತುವಾಗ ಬೇಕಾಗುವುದು ಅದರ ಅನೇಕ ಪಟ್ಟು. ಅರ್ಧ ಸತ್ತ ಫೀಡ್ ಪಂಪು ಸಮತಟ್ಟಿನಲ್ಲಿ ಮರೆಮಾಚಿಕೊಂಡಿದ್ದು ಘಾಟಿಯಲ್ಲಿ ಬಯಲಾಗುವುದು ಈ ಕಾರಣದಿಂದ. ಗ್ಯಾರೇಜಿನ ಅಂಗಳದಲ್ಲಿ ಲಾರಿಯನ್ನು ಸ್ಟಾರ್ಟ್ ಮಾಡಿ ರೇಸ್ ಕೊಟ್ಟು ನೋಡಿ, ಎಲ್ಲವೂ ಸರಿಯಿದೆಯೆಂದು ಹೇಳುವ ಮೆಕ್ಯಾನಿಕನ ಮಾತನ್ನು ಆದುದರಿಂದ ಪೂರ್ಣವಾಗಿ ನಂಬಲಾಗದು.

ಚಾಲಕನು ಕೊಡುವ ವಿವರಣೆಯೇ ಪರೀಕ್ಷೆಯ ಪ್ರಥಮ ಸಾಧನವೆಂಬುದು ನನ್ನ ದೃಢವಾದ ಅಭಿಪ್ರಾಯ. ಅವನನ್ನು ಪಕ್ಕಕ್ಕೆ ಸರಿಸಿ ಬಾನೆಟ್ಟು ತೆರೆಯುವವನು ಅರ್ಧ ಸಾಕ್ಷ್ಯವನ್ನು ಕಳೆದುಕೊಂಡಂತೆಯೇ. ಪಿಕಪ್ ತಗ್ಗಿದಾಗ ಸೈಲೆನ್ಸರಿನಿಂದ ಕರಿಹೊಗೆ ಬರುತ್ತಿತ್ತೆ, ಇಲ್ಲವೆ ಎಂದು ಮೊದಲು ಕೇಳಬೇಕು. ಕರಿಹೊಗೆ ದಟ್ಟವಾಗಿದ್ದರೆ ಸಿಲಿಂಡರಿಗೆ ಡೀಸೆಲು ಹೋಗುತ್ತಿದೆ, ಅದನ್ನು ಸಂಪೂರ್ಣವಾಗಿ ಉರಿಸುವಷ್ಟು ಗಾಳಿ ದೊರೆಯುತ್ತಿಲ್ಲ, ಇಲ್ಲವೇ ನಾಜಲ್ ಕೆಟ್ಟಿದೆ ಎಂದರ್ಥ. ಹೊಗೆಯೇ ಇಲ್ಲದೆ ಬಲವು ಕುಗ್ಗಿದ್ದರೆ ಡೀಸೆಲೇ ಸಾಲುತ್ತಿಲ್ಲವೆಂದು ಊಹಿಸಬಹುದು. ರಾತ್ರಿ ನಿಲ್ಲಿಸಿದ ಲಾರಿ ಬೆಳಗ್ಗೆ ಹ್ಯಾಂಡ್ ಪಂಪು ಒತ್ತದ ಹೊರತು ಸ್ಟಾರ್ಟ್ ಆಗುವುದಿಲ್ಲವೆಂದಾದರೆ ಪೈಪಿನೊಳಗಿನ ಡೀಸೆಲು ಟ್ಯಾಂಕಿಗೆ ಹಿಂದಿಳಿಯುತ್ತಿದೆ. ಎಲ್ಲಿಯೋ ಗಾಳಿಗೆ ದಾರಿಯಿದೆ, ಅಥವಾ ವಾಲ್ವು ಕೂರುತ್ತಿಲ್ಲ. ಟ್ಯಾಂಕು ತುಂಬಿದ್ದಾಗ ಇಲ್ಲದ ತೊಂದರೆ ಅರ್ಧಕ್ಕಿಳಿದ ಮೇಲೆ ಕಾಣಿಸಿಕೊಂಡರೆ, ಟ್ಯಾಂಕಿನೊಳಗೆ ಇಳಿಬಿಟ್ಟಿರುವ ಹೀರುಕೊಳವೆಯ ಬಿರುಕನ್ನು ಶಂಕಿಸಬೇಕು.

ಹೀರುವ ಪಕ್ಕದ ಸೋರಿಕೆಯು ಕಣ್ಣಿಗೆ ಕಾಣುವುದಿಲ್ಲವೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಫೀಡ್ ಪಂಪಿನಿಂದ ಮುಂದಿನ ಪೈಪು ಬಿರಿದರೆ ಡೀಸೆಲು ಹೊರಗೆ ಒಸರುತ್ತದೆ, ಯಾರಿಗಾದರೂ ತಿಳಿಯುತ್ತದೆ. ಅದಕ್ಕಿಂತ ಹಿಂದಿನದು ಬಿರಿದರೆ, ಬಿರುಕುಬಿಟ್ಟ ನಳಿಗೆಯಿಂದ ಎಳನೀರು ಹೀರುವವನಿಗೆ ನೀರಿಗಿಂತ ಗಾಳಿಯೇ ಅಧಿಕವಾಗಿ ದೊರೆಯುವಂತೆ, ಪಂಪಿಗೆ ಗಾಳಿ ಸೇರುತ್ತದೆ, ಹೊರಗೆ ಒಂದು ಹನಿಯೂ ಬೀಳುವುದಿಲ್ಲ. ಬ್ಯಾಂಜೋ ಬೋಲ್ಟಿನ ಹಳೆಯ ತಾಮ್ರದ ವಾಷರು, ಒಣಗಿದ ರಬ್ಬರ್ ಪೈಪು, ಒತ್ತಿದ ಮೇಲೆ ತಿರುಗಿಸಿ ಭದ್ರಪಡಿಸದೆ ಬಿಟ್ಟ ಹ್ಯಾಂಡ್ ಪಂಪಿನ ಹಿಡಿ, ಇವೆಲ್ಲವೂ ಗಾಳಿಯ ಗುಪ್ತದ್ವಾರಗಳು. ಫೀಡ್ ಪಂಪಿಗೆ ಬರುವ ಪೈಪಿನ ಒಂದು ಗೇಣು ಭಾಗವನ್ನು ತೆಗೆದು, ಅಲ್ಲಿ ಡೀಸೆಲಿಗೆ ಹಾಳಾಗದ ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಜೋಡಿಸಿ ಎಂಜಿನ್ನನ್ನು ಓಡಿಸಿದರೆ ಗುಳ್ಳೆಗಳು ಪ್ರತ್ಯಕ್ಷವಾಗುತ್ತವೆ.

ಅದಕ್ಕಿಂತಲೂ ಸುಲಭವಾದ ಪರೀಕ್ಷೆಯೊಂದಿದೆ. ಅದನ್ನು ಎಲ್ಲರೂ ಮರೆಯುತ್ತಾರೆ. ಎಂಜಿನ್ನು ಸೊರಗಿ ನಿಂತ ಕ್ಷಣದಲ್ಲಿ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿ ಕಿವಿಗೊಡಬೇಕು. ಗಾಳಿ ಸುಯ್ಯೆಂದು ಒಳನುಗ್ಗಿದರೆ, ಮುಚ್ಚಳದ ಉಸಿರುರಂಧ್ರವು ಕೆಸರಿನಿಂದ ಮುಚ್ಚಿಹೋಗಿ, ಟ್ಯಾಂಕಿನೊಳಗೆ ನಿರ್ವಾತವುಂಟಾಗಿ, ನಿರ್ದೋಷಿಯಾದ ಪಂಪು ಎಳೆಯಲಾರದೆ ಸೋತಿದೆಯೆಂದು ತಿಳಿಯಬೇಕು. ಒಂದು ತಂತಿಯ ತುದಿಯಿಂದ ಗುಣವಾಗುವ ದೋಷವಿದು.

ಇಷ್ಟಾದ ಮೇಲೂ ಸಂಶಯ ಉಳಿದರೆ ಪ್ರೆಶರ್ ಗೇಜನ್ನು ಕೈಗೆತ್ತಿಕೊಳ್ಳಬೇಕು. ಫಿಲ್ಟರಿಗೆ ಮುಂಚೆ ಒಮ್ಮೆ, ಅದರ ಅನಂತರ ಒಮ್ಮೆ ಒತ್ತಡವನ್ನು ಅಳೆದು, ಮೊದಲನೆಯದು ಸರಿಯಿದ್ದು ಎರಡನೆಯದು ಕುಸಿದಿದ್ದರೆ ಫಿಲ್ಟರನ್ನು ಬದಲಿಸಿದರೆ ಸಾಕು. ಎರಡೂ ಕಡೆ ಕುಸಿದಿದ್ದರೆ, ಶುದ್ಧವಾದ ಡೀಸೆಲಿನ ಕ್ಯಾನೊಂದನ್ನು ಪಂಪಿನ ಮಟ್ಟದಲ್ಲಿಟ್ಟು, ಗಿಡ್ಡ ಪೈಪಿನಿಂದ ನೇರವಾಗಿ ಅದಕ್ಕೆ ಕೊಡಬೇಕು. ಒತ್ತಡ ಮೇಲಕ್ಕೆದ್ದರೆ ಪಂಪು ನಿರಪರಾಧಿ, ದೋಷವು ಟ್ಯಾಂಕಿನ ಕಡೆಗಿದೆ. ಏಳದಿದ್ದರೆ ಫೀಡ್ ಪಂಪಿನ ತಳದ ಜಾಲರಿಯನ್ನು ತೊಳೆದು, ಓವರ್‌ಫ್ಲೋ ವಾಲ್ವಿನ ಸ್ಪ್ರಿಂಗು ಮುರಿದು ಡೀಸೆಲೆಲ್ಲವೂ ಹಿಂದಕ್ಕೆ ಹರಿದುಹೋಗುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಅನಂತರವೇ ಪಂಪನ್ನು ಕೆಟ್ಟಿದೆಯೆಂದು ತೀರ್ಮಾನಿಸಬಹುದು. ಈ ಅಳತೆಯನ್ನು ಲಾರಿಗೆ ಭಾರ ಹಾಕಿ, ಗೇಜಿಗೆ ಉದ್ದನೆಯ ಪೈಪು ಕಟ್ಟಿ, ಏರಿನಲ್ಲಿ ನೋಡುವುದೇ ಉತ್ತಮ.

ಫೀಡ್ ಪಂಪಿನ ಇನ್ನೊಂದು ವ್ಯಾಧಿಯು ಇದಕ್ಕಿಂತ ಭಯಂಕರವಾದುದು. ಕ್ಯಾಮ್‌ನ ಕಡೆಯಲ್ಲಿರುವ ದಂಡವು ಸವೆದಾಗ ಡೀಸೆಲು ಅದರ ಬದಿಯಿಂದ ಜಾರಿ ದೊಡ್ಡ ಪಂಪಿನೊಳಗಿನ ಆಯಿಲಿಗೆ ಸೇರುತ್ತದೆ. ಎಂಜಿನ್ನಿನ ಆಯಿಲೇ ಇಂಜೆಕ್ಷನ್ ಪಂಪಿನೊಳಗೂ ಹರಿಯುವ ಲಾರಿಗಳಲ್ಲಿ, ಡಿಪ್‌ಸ್ಟಿಕ್ಕಿನ ಮಟ್ಟವು ತಗ್ಗುವುದರ ಬದಲು ಏರುತ್ತ ಹೋಗುತ್ತದೆ. ಆಯಿಲು ತೆಳ್ಳಗಾಗಿ ಬೇರಿಂಗುಗಳು ಸುಡುತ್ತವೆ. ಆಯಿಲು ಖರ್ಚಾಗುತ್ತಿಲ್ಲವೆಂದು ಮಾಲೀಕನು ಸಂತೋಷಪಡುತ್ತಿರುವಾಗಲೇ ಎಂಜಿನ್ನು ನಾಶದ ದಾರಿ ಹಿಡಿದಿರುತ್ತದೆ. ಡಿಪ್‌ಸ್ಟಿಕ್ಕನ್ನು ಮೂಸಿ ನೋಡುವ ಅಭ್ಯಾಸವುಳ್ಳ ಹಳೆಯ ಮೇಸ್ತ್ರಿಗಳ ಬಗೆಗೆ ನನಗೆ ಆದರವಿದೆ.

ಸಣ್ಣ ಪಂಪಿನ ಅಲಕ್ಷ್ಯದಿಂದ ದೊಡ್ಡದು ಹಾಳಾಗುವುದಕ್ಕೆ ಅಮೆರಿಕದ ಡಾಡ್ಜ್ ಟ್ರಕ್ಕುಗಳು ಪ್ರಸಿದ್ಧ ನಿದರ್ಶನ. 1998ರಿಂದ 2002ರವರೆಗೆ ಅವುಗಳಲ್ಲಿ ಬಳಸಿದ 24 ವಾಲ್ವುಗಳ ಕಮಿನ್ಸ್ ಎಂಜಿನ್ನಿನಲ್ಲಿ ಬಾಷ್ ವಿಪಿ 44 ಎಂಬ ರೋಟರಿ ಪಂಪಿದ್ದು, ಅದಕ್ಕೆ ಕೀಲೆಣ್ಣೆಯೂ ತಂಪೂ ಎರಡೂ ಹಾಯುವ ಡೀಸೆಲಿನಿಂದಲೇ ದೊರೆಯಬೇಕಾಗಿತ್ತು. ಎಂಜಿನ್ನಿನ ಪಕ್ಕದಲ್ಲಿ ಕೂರಿಸಿದ, ಫೀಡ್ ಪಂಪಿನ ಕೆಲಸವನ್ನೇ ಮಾಡುವ ವಿದ್ಯುತ್ ಲಿಫ್ಟ್ ಪಂಪು ಸದ್ದಿಲ್ಲದೆ ಸೋತಾಗ, ಅದರ ಅನೇಕ ಪಟ್ಟು ಬೆಲೆಯ ಈ ಪಂಪು ಒಳಗೊಳಗೇ ಸವೆದು ಕೆಡುತ್ತಿತ್ತು. ಕಂಪನಿಯವರು ಒತ್ತಡ ತೋರಿಸುವ ಗೇಜನ್ನು ಚಾಲಕನ ಮುಂದೆ ಇಟ್ಟಿರಲಿಲ್ಲವಾದ್ದರಿಂದ ಅನೇಕ ಮಾಲೀಕರು ಅದನ್ನು ತಾವೇ ಕೊಂಡು ಕೂರಿಸಿಕೊಂಡರು. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿಎಸ್ 6 ನಿಯಮದ ನಮ್ಮ ಹೊಸ ಲಾರಿಗಳಲ್ಲಿಯೂ ಕಾಮನ್ ರೈಲ್ ವ್ಯವಸ್ಥೆಯು ಸಾವಿರಾರು ಬಾರ್ ಒತ್ತಡದಲ್ಲಿ ಕೆಲಸಮಾಡುವುದಾದರೂ, ಅದರ ಮೂಲದಲ್ಲಿರುವುದು ಟ್ಯಾಂಕಿನಿಂದ ಡೀಸೆಲನ್ನೆಳೆದು ತರುವ ಇಂತಹುದೇ ಒಂದು ಸಾಧಾರಣ ಪಂಪು.

ಲಾರಿಯ ಮಾಲೀಕರಲ್ಲಿ ನನ್ನದೊಂದು ವಿಜ್ಞಾಪನೆ: ಇಂಜೆಕ್ಷನ್ ಪಂಪನ್ನು ಬಿಚ್ಚಲು ಮೆಕ್ಯಾನಿಕನು ಸ್ಪ್ಯಾನರು ಎತ್ತಿಕೊಂಡಾಗ, ಫೀಡ್ ಪಂಪಿನ ಒತ್ತಡ ಎಷ್ಟಿದೆಯೆಂದು ಕೇಳಿರಿ, ಅಳೆದು ನೋಡಿಲ್ಲವೆಂದು ಅವನು ಹೇಳಿದರೆ, ಅಳೆಯುವವರೆಗೆ ಒಂದು ಬೋಲ್ಟನ್ನೂ ಸಡಿಲಿಸಗೊಡಬೇಡಿರಿ.