ಅಂಕಿಗಳು ಕಲಿಸಿದ ಬಣ್ಣ

ಪೇಂಟ್ ಬೈ ನಂಬರ್ಸ್ ಕಿಟ್‌ನಲ್ಲಿರುವ ಸಾಮಗ್ರಿ ಕಡಿಮೆ. ತೆಳುಗೆರೆಗಳಿಂದ ಸಣ್ಣ ಸಣ್ಣ ಖಂಡಗಳಾಗಿ ಒಡೆದ ಚಿತ್ರವಿರುವ ಕ್ಯಾನ್ವಾಸ್, ಪ್ರತಿ ಖಂಡದೊಳಗೊಂದು ಅಂಕಿ, ಅದೇ ಅಂಕಿ ಹೊತ್ತ ಬಣ್ಣದ ಡಬ್ಬಿಗಳು, ಎರಡು ಮೂರು ಕುಂಚಗಳು. 7 ಎಂದಿರುವಲ್ಲೆಲ್ಲ ಏಳನೇ ಡಬ್ಬಿಯ ಬಣ್ಣ, 12 ಎಂದಿರುವಲ್ಲೆಲ್ಲ ಹನ್ನೆರಡನೆಯದು ತುಂಬುತ್ತ ಹೋದರೆ ಕೊನೆಗೆ ಪೂರ್ಣ ಚಿತ್ರ ಮೂಡುತ್ತದೆ. ಕುಂಚ ಹಿಡಿದೇ ಗೊತ್ತಿಲ್ಲದವರನ್ನೂ ಚಿತ್ರದ ಮುಂದೆ ಕೂರಿಸುವ ಈ ವಿಧಾನ ಮನೆಮಾತಾದದ್ದು 1950ರ ದಶಕದ ಅಮೆರಿಕದಲ್ಲಿ, ಡೆಟ್ರಾಯಿಟ್ ನಗರದ ಒಂದು ಬಣ್ಣದ ಕಂಪನಿಯ ಮೂಲಕ.

ಆ ಕಂಪನಿಯ ಹೆಸರು ಪಾಮರ್ ಪೇಂಟ್. ಮಕ್ಕಳು ಬಳಸುವ, ತೊಳೆದರೆ ಹೋಗುವ ಬಣ್ಣಗಳನ್ನು ಅದು ತಯಾರಿಸುತ್ತಿತ್ತು. ದೊಡ್ಡವರೂ ಬಣ್ಣ ಕೊಳ್ಳುವಂಥ ಏನಾದರೊಂದು ಬೇಕು ಎಂದು ಮಾಲೀಕ ಮ್ಯಾಕ್ಸ್ ಕ್ಲೈನ್ ತಮ್ಮಲ್ಲಿದ್ದ ವಾಣಿಜ್ಯ ಕಲಾವಿದ ಡ್ಯಾನ್ ರಾಬಿನ್ಸ್‌ಗೆ ಸೂಚಿಸಿದರು. ಲಿಯೊನಾರ್ಡೊ ಡ ವಿಂಚಿ ತನ್ನ ಶಿಷ್ಯರಿಗೆ ಅಂಕಿ ಹಾಕಿದ ವಿನ್ಯಾಸಗಳನ್ನು ಕೊಟ್ಟು ಕೆಲಸ ಮಾಡಿಸುತ್ತಿದ್ದನೆಂದು ತಾವು ಕೇಳಿದ್ದು ಆಗ ನೆನಪಿಗೆ ಬಂತು ಎಂದು ರಾಬಿನ್ಸ್ ಮುಂದೆ ಹೇಳಿಕೊಂಡಿದ್ದಾರೆ.

ಮೊದಲ ಮಾದರಿಯಾಗಿ ರಾಬಿನ್ಸ್ ರಚಿಸಿದ್ದು ಕ್ಯೂಬಿಸ್ಟ್ ಶೈಲಿಯ ಒಂದು ಸ್ಥಿರವಸ್ತು ಚಿತ್ರ, 'ಆ್ಯಬ್‌ಸ್ಟ್ರ್ಯಾಕ್ಟ್ ನಂಬರ್ ಒನ್'. ಉಪಾಯ ಕ್ಲೈನ್‌ಗೆ ಹಿಡಿಸಿತು, ಚಿತ್ರ ಹಿಡಿಸಲಿಲ್ಲ. ಜನ ನೋಡಿದ ಕೂಡಲೇ ಗುರುತಿಸಬಲ್ಲ, ಗೋಡೆಗೆ ತೂಗುಹಾಕಲು ಇಷ್ಟಪಡುವ ಚಿತ್ರಗಳನ್ನು ಅವರು ಕೇಳಿದರು. ಅಲ್ಲಿಂದ ಮೀನುಗಾರರು, ಗೂಳಿಕಾಳಗ, ಬೆಟ್ಟಗುಡ್ಡ, ಕುದುರೆ, ಬೆಕ್ಕಿನ ಮರಿಗಳು ಸಾಲುಗಟ್ಟಿ ಬಂದವು. ರಾಬಿನ್ಸ್ ಮೊದಲು ಮೂಲಚಿತ್ರ ಬರೆಯುತ್ತಿದ್ದರು. ಅದರ ಮೇಲೆ ಪಾರದರ್ಶಕ ಹಾಳೆ ಹರಡಿ, ಪ್ರತಿ ಬಣ್ಣದ ಅಂಚನ್ನು ಗೆರೆಯಲ್ಲಿ ಹಿಡಿದು ಅಂಕಿ ಕೊಡುತ್ತಿದ್ದರು.

ಅಂಗಡಿಯಿಂದ ಶ್ವೇತಭವನಕ್ಕೆ

ಕಿಟ್‌ಗಳು 'ಕ್ರಾಫ್ಟ್ ಮಾಸ್ಟರ್' ಎಂಬ ಹೆಸರಿನಲ್ಲಿ 1951ರ ಹೊತ್ತಿಗೆ ಮಾರುಕಟ್ಟೆಗೆ ಬಂದವು. ಆರಂಭ ಸುಗಮವಾಗಿರಲಿಲ್ಲ. ಮೀನುಗಾರರ ಚಿತ್ರದ ಬಣ್ಣಗಳು ಗೂಳಿಕಾಳಗದ ಪೆಟ್ಟಿಗೆಗೂ ಅದರವು ಇದಕ್ಕೂ ಸೇರಿಹೋಗಿ, ಕ್ರೆಸ್ಗಿ ಮಳಿಗೆಗಳ ದೊಡ್ಡ ಬೇಡಿಕೆ ಕೈತಪ್ಪಿತು. ಆಮೇಲೆ ನ್ಯೂಯಾರ್ಕ್‌ನ ಮೇಸೀಸ್ ಮಳಿಗೆಯಲ್ಲಿ ಪ್ರದರ್ಶನ ಏರ್ಪಟ್ಟಾಗ, ಕಿಟ್‌ನ ಬೆಲೆಯಾದ ಎರಡೂವರೆ ಡಾಲರನ್ನು ಕೆಲವರ ಕೈಗೆ ಕೊಟ್ಟು ಕೊಳ್ಳಲು ಕಳಿಸಿದ್ದನ್ನು ರಾಬಿನ್ಸ್ ಅವರೇ ದಾಖಲಿಸಿದ್ದಾರೆ. ಆದರೆ ದುಡ್ಡು ಪಡೆದವರ ಹಿಂದೆ ಸ್ವಂತ ದುಡ್ಡು ಹಿಡಿದವರೂ ಮುಗಿಬಿದ್ದರು. 1954ರ ವೇಳೆಗೆ ಮಾರಾಟ 1 ಕೋಟಿ 20 ಲಕ್ಷ ಕಿಟ್‌ಗಳಷ್ಟಾಯಿತು.

ಕಾಲವೂ ಅನುಕೂಲವಾಗಿತ್ತು. ಯುದ್ಧಾನಂತರದ ಅಮೆರಿಕದ ಮಧ್ಯಮ ವರ್ಗಕ್ಕೆ ಹೊಸ ಮನೆ, ಖಾಲಿ ಗೋಡೆ, ಹೆಚ್ಚಿನ ಬಿಡುವು ಒಟ್ಟಿಗೇ ಸಿಕ್ಕಿದ್ದವು. ಚಿತ್ರಕಲೆ ದೊಡ್ಡವರಿಗೂ ಒಪ್ಪುವ ಹವ್ಯಾಸ ಎಂಬ ಭಾವನೆಯನ್ನು ವಿನ್‌ಸ್ಟನ್ ಚರ್ಚಿಲ್ ಮತ್ತು ಡ್ವೈಟ್ ಐಸೆನ್‌ಹೋವರ್ ತಾವೇ ಕುಂಚ ಹಿಡಿದು ಬೆಳೆಸಿದ್ದರು. ಐಸೆನ್‌ಹೋವರ್ ಅಧ್ಯಕ್ಷರಾಗಿದ್ದಾಗ ಅವರ ಕಾರ್ಯದರ್ಶಿ ಥಾಮಸ್ ಸ್ಟೀಫನ್ಸ್ ಅಧಿಕಾರಿಗಳಿಗೂ ಅತಿಥಿಗಳಿಗೂ ಕಿಟ್‌ಗಳನ್ನು ಹಂಚಿ, ಅವರು ಬಣ್ಣ ತುಂಬಿ ಕೊಟ್ಟ ಚಿತ್ರಗಳನ್ನು ಶ್ವೇತಭವನದ ಪಶ್ಚಿಮ ಭಾಗದಲ್ಲಿ ತೂಗುಹಾಕಿಸಿದರು. ಪೆಟ್ಟಿಗೆಯ ಮೇಲಿದ್ದ 'ಪ್ರತಿಯೊಬ್ಬನೂ ರೆಂಬ್ರಾಂಟ್' ಎಂಬ ಘೋಷವಾಕ್ಯ ವಿಮರ್ಶಕರನ್ನು ಕೆರಳಿಸಿತು. ಇದು ಕಲೆಯಲ್ಲ, ಯಾಂತ್ರಿಕ ದುಡಿಮೆ ಎಂಬ ಆಕ್ಷೇಪ ಎದ್ದಿತು. ದಶಕ ಮುಗಿಯುವ ಹೊತ್ತಿಗೆ ಮಾರಾಟದ ಬಿರುಸೂ ಇಳಿಯಿತು. 1962ರಲ್ಲಿ ಆ್ಯಂಡಿ ವಾರ್ಹಾಲ್ ಈ ಅಂಕಿಚಿತ್ರಗಳ ಮಾದರಿಯಲ್ಲೇ 'ಡು ಇಟ್ ಯುವರ್‌ಸೆಲ್ಫ್' ಸರಣಿ ಆರಂಭಿಸಿದರು. 2001ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯ ಈ ವಿಷಯಕ್ಕೇ ಮೀಸಲಾದ ಪ್ರದರ್ಶನ ನಡೆಸಿತು. ರಾಬಿನ್ಸ್ 2019ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಕೋವಿಡ್ ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಉಳಿದವರು ಈ ಕಿಟ್‌ಗಳನ್ನು ಮತ್ತೆ ಕೈಗೆತ್ತಿಕೊಂಡರು.

ಕಣ್ಣಿಗೂ ಕೈಗೂ ಪಾಠ

ಹೊಸಬರಿಗೆ ಈ ವಿಧಾನ ಕೊಡುವ ಮುಖ್ಯ ಪಾಠ ನೋಟದ್ದು. ಎಲೆ ಎಂದರೆ ಹಸಿರು, ನೆರಳು ಎಂದರೆ ಕಪ್ಪು ಎಂದು ಮನಸ್ಸು ಮೊದಲೇ ತೀರ್ಮಾನಿಸಿರುತ್ತದೆ. ಕಿಟ್‌ನಲ್ಲಿ ಒಂದೇ ಎಲೆ ನಾಲ್ಕೈದು ಅಂಕಿಗಳಾಗಿ ಒಡೆದಿರುತ್ತದೆ: ಬಿಸಿಲು ಬಿದ್ದಲ್ಲಿ ಹಳದಿ ಬೆರೆತ ಹಸಿರು, ಬಾಗಿದಲ್ಲಿ ನೀಲಿ ಮಿಶ್ರ ಹಸಿರು, ಬುಡದಲ್ಲಿ ಕಂದು. ಹತ್ತಿರದಿಂದ ಅರ್ಥವಿಲ್ಲದ ತೇಪೆಗಳಂತೆ ಕಾಣುವ ಇವು ನಾಲ್ಕು ಹೆಜ್ಜೆ ಹಿಂದೆ ಸರಿದರೆ ಕೂಡಿಕೊಂಡು ಉಬ್ಬು ತಗ್ಗಿನ ಎಲೆಯಾಗುತ್ತವೆ. ವಸ್ತುವಿನ ದುಂಡುತನವನ್ನು ಕಟ್ಟುವುದು ಗೆರೆಗಿಂತ ಹೆಚ್ಚಾಗಿ ಬೆಳಕು ನೆರಳಿನ ಏರಿಳಿತ ಎಂಬುದು ಆಗ ಬಣ್ಣ ತುಂಬಿದ ಕೈಗೇ ಮನವರಿಕೆಯಾಗುತ್ತದೆ.

ಎರಡನೆಯ ಪಾಠ ಕೈಯದು. ಅಂಚಿಗೆ ಸರಿಯಾಗಿ ಕುಂಚ ನಿಲ್ಲಿಸುವುದು, ಬೇಕಾದಷ್ಟೇ ಬಣ್ಣ ಎತ್ತಿಕೊಳ್ಳುವುದು, ಬಣ್ಣ ಬದಲಿಸುವ ಮೊದಲು ಕುಂಚ ತೊಳೆದು ಒರೆಸುವುದು ಅಭ್ಯಾಸವಾಗುತ್ತದೆ. ಕ್ರಾಫ್ಟ್ ಮಾಸ್ಟರ್ ಕಿಟ್‌ಗಳಲ್ಲಿದ್ದುದು ನಿಧಾನವಾಗಿ ಒಣಗುವ ತೈಲವರ್ಣ. ಇಂದಿನ ಹೆಚ್ಚಿನ ಕಿಟ್‌ಗಳಲ್ಲಿರುವ ಅಕ್ರಿಲಿಕ್ ಬೇಗ ಒಣಗುತ್ತದೆ. ಆದ್ದರಿಂದ ಡಬ್ಬಿ ತೆರೆದಿಡಬಾರದು, ಗಟ್ಟಿಯಾದರೆ ಒಂದೆರಡು ಹನಿ ನೀರು ಬೆರೆಸಬೇಕು. ಒದ್ದೆ ಬಣ್ಣಕ್ಕೆ ಕೈ ತಾಗದಂತೆ ಮೇಲಿನಿಂದ ಕೆಳಕ್ಕೆ ಬರುವುದು ಒಳ್ಳೆಯದು. ತಿಳಿಬಣ್ಣದಡಿ ಅಂಕಿ ಇಣುಕಿದರೆ, ಒಣಗಿದ ಮೇಲೆ ಎರಡನೇ ಲೇಪ ಕೊಡಬೇಕು.

ಅಂಕಿಗಳಾಚೆ

ಕಿಟ್ ಕಲಿಸದಿರುವ ವಿಷಯಗಳೂ ಇವೆ. ರೇಖಾಚಿತ್ರ, ಚೌಕಟ್ಟಿನೊಳಗೆ ವಸ್ತುಗಳ ಜೋಡಣೆ, ಬಣ್ಣಗಳ ಮಿಶ್ರಣ ಇವೆಲ್ಲವನ್ನೂ ಬೇರೊಬ್ಬ ಕಲಾವಿದ ಮೊದಲೇ ನಿರ್ಧರಿಸಿರುತ್ತಾನೆ. ಹಾಗಾಗಿ ಒಂದಾದ ಮೇಲೊಂದು ಕಿಟ್ ಮುಗಿಸುತ್ತ ಹೋದರೆ ಕೈ ಪಳಗುತ್ತದೆ, ಆಯ್ಕೆ ಮಾತ್ರ ಪಳಗುವುದಿಲ್ಲ. ಮುಂದಿನ ಹೆಜ್ಜೆಗಳನ್ನು ಕಿಟ್‌ನೊಳಗೇ ಆರಂಭಿಸಬಹುದು. ಮೊದಲು, ಅಕ್ಕಪಕ್ಕದ ಎರಡು ಬಣ್ಣ ಒದ್ದೆಯಿರುವಾಗಲೇ ಅಂಚನ್ನು ತುಸು ಬೆರೆಸಿ ಮೃದುಗೊಳಿಸುವುದು. ಬಳಿಕ, ಕೊಟ್ಟ ಹಸಿರನ್ನು ಬದಿಗಿಟ್ಟು ಹಳದಿ, ನೀಲಿ ಬೆರೆಸಿ ಅದೇ ಹಸಿರನ್ನು ತಾನೇ ಪಡೆಯಲು ಯತ್ನಿಸುವುದು. ಕೊನೆಗೆ ರಾಬಿನ್ಸ್ ಮಾಡುತ್ತಿದ್ದ ಕೆಲಸವನ್ನೇ ಕೈಗೆತ್ತಿಕೊಳ್ಳುವುದು: ಒಂದು ಹಣ್ಣನ್ನೋ ಹೂಜಿಯನ್ನೋ ಕಣ್ಣು ಕಿರಿದು ಮಾಡಿ ನೋಡಿ, ಅದರ ಬೆಳಕು ನೆರಳನ್ನು ಐದಾರು ಛಾಯೆಗಳಿಗೆ ಇಳಿಸಿ, ಅಂಚುಗಳನ್ನು ಗುರುತಿಸಿ, ಪ್ರತಿ ಛಾಯೆಗೂ ಸ್ವಂತ ಬಣ್ಣ ಕಲಸುವುದು. ಇಷ್ಟು ಮಾಡಬಲ್ಲವರಿಗೆ ಕಿಟ್‌ನ ಅಗತ್ಯ ಮುಗಿದಿರುತ್ತದೆ.