ಆನ್‌ಲೈನ್‌ನಲ್ಲಿ ತರಿಸಿದ ಹೀಟರ್ ಕಾಯಿಲ್: ಪ್ಲಗ್ ಹಾಕುವ ಮುನ್ನ ಏನೇನು ನೋಡಬೇಕು?

2025ರ ಮಾರ್ಚ್‌ನಲ್ಲಿ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಅಧಿಕಾರಿಗಳು ದೆಹಲಿಯಲ್ಲಿ ಆನ್‌ಲೈನ್ ಮಾರಾಟದ ಗೋದಾಮೊಂದರ ಮೇಲೆ ದಾಳಿ ಮಾಡಿದರು. ಗೀಸರ್, ಮಿಕ್ಸರ್ ಸೇರಿದಂತೆ 3,500ಕ್ಕೂ ಹೆಚ್ಚು ವಸ್ತುಗಳನ್ನು ವಶಪಡಿಸಿಕೊಂಡರು. ಕೆಲವಕ್ಕೆ ಐಎಸ್‌ಐ ಮುದ್ರೆಯೇ ಇರಲಿಲ್ಲ, ಕೆಲವಕ್ಕೆ ಇದ್ದದ್ದು ನಕಲಿ ಮುದ್ರೆ. ಹೆಸರಾದ ತಾಣ, ಸಾವಿರಾರು ಸ್ಟಾರ್ ರೇಟಿಂಗ್ ನೋಡಿ ಧೈರ್ಯ ತಂದುಕೊಳ್ಳುವಂತಿಲ್ಲ. 'ನೀರು ಬೇಗ ಕಾಯುತ್ತದೆ' ಎಂದು ಮೆಚ್ಚಿ ಬರೆದವರು ಅರ್ಥಿಂಗ್ ಪರೀಕ್ಷಿಸಿರುವುದಿಲ್ಲ. ಆ ಕೆಲಸ ನಾವೇ ಮಾಡಬೇಕು.

ಮುದ್ರೆಯ ಕೆಳಗಿನ ಸಂಖ್ಯೆ

ಹೀಟರ್ ಕಾಯಿಲ್, ಗೀಸರ್, ಇಸ್ತ್ರಿ ಪೆಟ್ಟಿಗೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ. ಮುದ್ರೆಯ ಮೇಲೆ 'ಐಎಸ್' ಸಂಖ್ಯೆ, ಕೆಳಗೆ 'ಸಿಎಂ/ಎಲ್' ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬುಗಳ ಮೇಲೆ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಈ ಸಂಖ್ಯೆ ಹಾಕಿದರೆ ತಯಾರಕರ ಹೆಸರು, ವಸ್ತು, ಪರವಾನಗಿಯ ಸ್ಥಿತಿ ತೆರೆದುಕೊಳ್ಳುತ್ತವೆ. ಅವು ಡಬ್ಬದ ಮೇಲಿನ ವಿವರಕ್ಕೆ ಹೊಂದಬೇಕು. ಇಸ್ತ್ರಿ ಪೆಟ್ಟಿಗೆಗೆ ಸಿಕ್ಕ ಪರವಾನಗಿ ಕಾಯಿಲ್‌ಗೆ ಸಲ್ಲುವುದಿಲ್ಲ. 'ಸಿಇ' ಗುರುತು ಯುರೋಪಿನದು. ಐಎಸ್‌ಐ ಇರಬೇಕಾದ ಕಡೆ ಅದು ಲೆಕ್ಕಕ್ಕಿಲ್ಲ.

ಪ್ಲಗ್ಗು, ವೈರು

ಒಂದು ಸಣ್ಣ ಲೆಕ್ಕ ಮಾಡಿ. ಕಾಯಿಲ್ 1,500 ವ್ಯಾಟ್‌ನದಾದರೆ 230 ವೋಲ್ಟ್‌ನಲ್ಲಿ ಅದು ಸುಮಾರು 6.5 ಆಂಪಿಯರ್ ಕರೆಂಟ್ ಎಳೆಯುತ್ತದೆ. ಹಾಗಾಗಿ ಅದಕ್ಕೆ 16 ಆಂಪಿಯರ್‌ನ ದಪ್ಪ ಪ್ಲಗ್ಗೇ ಬೇಕು. 6 ಆಂಪಿಯರ್‌ನ ಸಣ್ಣ ಪ್ಲಗ್ ಕೊಟ್ಟಿದ್ದರೆ ಆ ವಸ್ತುವನ್ನು ವಾಪಸ್ ಕಳಿಸಿ. ಕನ್ವರ್ಟರ್ ಪಿನ್ ಸಿಕ್ಕಿಸಿ ಸಣ್ಣ ಸಾಕೆಟ್‌ಗೆ ಹಾಕಿದರೆ ಸಾಕೆಟ್ ಕಾದು ಕರಗುವ ಅಪಾಯವಿದೆ. ಪಿನ್‌ಗಳ ಹತ್ತಿರ ಅಯಸ್ಕಾಂತ ಹಿಡಿಯಿರಿ. ಹಿತ್ತಾಳೆಯಾದರೆ ಅಂಟುವುದಿಲ್ಲ, ಅಂಟಿದರೆ ಒಳಗಿರುವುದು ಕಬ್ಬಿಣ. ಪ್ಲಗ್ ಮೇಲೆ 'ಐಎಸ್ 1293' ಎಂಬ ಗುರುತನ್ನೂ ಹುಡುಕಿ.

ಮೂರು ಪಿನ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. ಎಲೆಕ್ಟ್ರಿಷಿಯನ್ ಹತ್ತಿರ ಮಲ್ಟಿಮೀಟರ್ ಇರುತ್ತದೆ. ಕಾಯಿಲನ್ನು ಸಾಕೆಟ್‌ಗೆ ಹಾಕದೆ, ಮೀಟರಿನ ಒಂದು ಕಡ್ಡಿಯನ್ನು ಉದ್ದನೆಯ ಅರ್ಥ್ ಪಿನ್‌ಗೂ ಇನ್ನೊಂದನ್ನು ಕಾಯಿಲಿನ ಲೋಹದ ಮೈಗೂ ಮುಟ್ಟಿಸಿದರೆ 'ಬೀಪ್' ಸದ್ದು ಬರಬೇಕು. ಉಳಿದೆರಡು ಪಿನ್‌ಗಳಿಂದ ಲೋಹದ ಮೈಗೆ ಸದ್ದು ಬರಲೇಬಾರದು. ಬಂದರೆ ಕರೆಂಟ್ ಮೈಗೆ ಇಳಿಯುತ್ತಿದೆ ಎಂದರ್ಥ, ಅದನ್ನು ಬಳಸಲೇಬೇಡಿ. ಮನೆಯ ಸಾಕೆಟ್‌ನಲ್ಲೂ ಅರ್ಥಿಂಗ್ ಸರಿಯಿದ್ದರೆ ಮಾತ್ರ ಈ ರಕ್ಷಣೆ ಕೆಲಸಕ್ಕೆ ಬರುತ್ತದೆ.

ಮೊದಲ ಬಳಕೆ

ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ, ಅದು ಬೀಳುತ್ತದೆಯೇ ನೋಡಿ. ಇಲ್ಲದಿದ್ದರೆ ಹಾಕಿಸಿಕೊಳ್ಳಿ. ಕಾಯಿಲನ್ನು ಗುರುತಿನವರೆಗೆ ನೀರಲ್ಲಿ ಮುಳುಗಿಸಿದ ಮೇಲೆಯೇ ಸ್ವಿಚ್ ಹಾಕಿ. ನೀರು ಕಾದಿದೆಯೇ ಎಂದು ನೋಡಲು ಬೆರಳು ಅದ್ದುವ ಮುಂಚೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತಿರಬೇಕು. ಪ್ಲಗ್ ಕೈಗೆ ಸುಡುವಷ್ಟು ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ.

ದೂರು ಎಲ್ಲಿ?

ಡಬ್ಬ, ಬಿಲ್, ಮುದ್ರೆಯ ಫೋಟೊ ಇಟ್ಟುಕೊಂಡಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ನಕಲಿ ಮುದ್ರೆಯ ದೂರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲೇ ಕೊಡಬಹುದು.

ಕೊನೆಯದಾಗಿ ಒಂದು ಮನವಿ: ಅನುಮಾನ ಬಂದ ಉಪಕರಣವನ್ನು ಮನೆಗೆಲಸದವರಿಗೋ ಊರಿನ ನೆಂಟರಿಗೋ ಕೊಡಬೇಡಿ. ವೈರ್ ಕತ್ತರಿಸಿ ಇ-ತ್ಯಾಜ್ಯಕ್ಕೆ ಹಾಕಿ. ನಮಗೆ ಬೇಡವಾದ ಅಪಾಯ ಅವರಿಗೂ ಬೇಡ.